ಕಮರದ ಮರ ಇರುವಷ್ಟು ತುಂಡು

ಹೊರಕೆರೆದೇವಪುರ
೧೨-೩-೧೯೭೬

ಕಾಡಿನ ಸರ್ವೆ ಸಾಹೇಬರಿಗೆ, ಕುರಿ ಕಾಟಲಿಂಗಪ್ಪನ ಮಗಳು ಪಾಲಮ್ಮ ಮಾಡುವ ನಮಸ್ಕಾರಗಳು.

ನೀವು ನಮ್ಮ ಗುಡ್ಡದಲ್ಲಿ ಮರ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದವರು ನಮ್ಮಪ್ಪ. ಹೋದ ತಿಂಗಳು ಜ್ವರ ಬಂದು ತೀರಿಕೊಂಡರು. ಕುರಿಗಳನ್ನು ಈಗ ಚಿಕ್ಕಪ್ಪ ಮೇಯಿಸುತ್ತಾರೆ.

ವಿಮಾನದಿಂದ ತೆಗೆದ ಗುಡ್ಡದ ಫೋಟೋವನ್ನು ನೀವು ನಮ್ಮ ಜಗುಲಿಯ ಮೇಲೆ ಹರಡಿ ತೋರಿಸಿದ್ದಿರಿ. ಮೇಲಿಂದ ಕಾಣುವ ಎಲೆಯ ಹರವು ನೋಡಿ ಒಂದೊಂದು ಮರ ಎಷ್ಟು ತೂಗುತ್ತದೆಂದು ಲೆಕ್ಕ ಹಾಕುತ್ತೇವೆ ಅಂದಿರಿ. ಚುಕ್ಕೆ ಚುಕ್ಕೆ ಕಾಣುವುದು ನಮ್ಮ ಕುರಿ ಅಂದಿರಿ. "ಕುರಿ ಅವೆ, ನಾನೆಲ್ಲಿ ಸಾರ್?" ಅಂತ ಅಪ್ಪ ಕೇಳಿದರು. ಆಮೇಲೆ ಅವರಿಗೇ ನೆನಪಾಗಿ, ವಿಮಾನದ ಸದ್ದಿಗೆ ಹೆದರಿ ಬಂಡೆ ಪಕ್ಕದ ಕಮರದ ಮರದ ಕೆಳಗೆ ಸೇರಿಕೊಂಡಿದ್ದೆ ಅಂದರು. ನೀವೂ ನಕ್ಕಿರಿ.

ಅಪ್ಪ ಬದುಕಿರುವಾಗ ಒಂದೂ ಫೋಟೋ ತೆಗೆಸಲಿಲ್ಲ. ಹೊಳಲ್ಕೆರೆ ಸ್ಟುಡಿಯೋಗೆ ಹೋಗಾಣ ಅಂದಾಗಲೆಲ್ಲ ಕುರಿ ಯಾರು ಕಾಯ್ತಾರೆ ಅನ್ನೋರು. ಅದಕ್ಕೇ ಆ ಗುಡ್ಡದ ಫೋಟೋದ ಒಂದು ಪ್ರತಿ ಕೊಡಿಸಬೇಕು. ಸರ್ಕಾರದ್ದು, ಕೊಡಬಾರದು ಅಂತಿದ್ದರೆ ಆ ಮರ ಇರುವಷ್ಟು ತುಂಡು ಸಾಕು. ಮರದ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಿ. ಮಡಚಲೇಬೇಕಾದರೆ ಮಡಿಕೆ ಮರದ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತೇವೆ.

ಅದರಲ್ಲಿ ಅಪ್ಪ ಕಾಣುವುದಿಲ್ಲ ಎಂದು ಅವ್ವನಿಗೆ ಬಿಡಿಸಿ ಹೇಳಿದೆ. "ಕಾಣದಿದ್ರೆ ಇರ್ಲಿ, ಮರದ ಕೆಳಗೆ ಇದಾರಲ್ಲ, ಬರಿ" ಅಂದಳು. ಬರೆದಿದ್ದೇನೆ.

ಇಂತಿ,
ಪಾಲಮ್ಮ