ಎರಡು ಬಟನ್ ಒಟ್ಟಿಗೆ

ಮಾರ್ಚ್ 3, ಬೆಳಗ್ಗೆ 10.15

ಹೀರೋ ಹನ್ನೊಂದನೆಯ ಸಲ ಸತ್ತ. ತಿಂಡಿಯಾದ ಮೇಲೆ ಕೂತದ್ದು, ಇನ್ನೂ ಅಲ್ಲೇ ಇದ್ದೇವೆ. ಅವನು ಹಗ್ಗದ ಸೇತುವೆಯ ಮೇಲೆ, ನಾನು ಸೋಫಾದ ಮೇಲೆ. ಸೇತುವೆ ಮುರಿಯುತ್ತದೆ. ಟಿವಿ ಪರದೆಯ ಮಧ್ಯೆ ಎರಡು ಗುರುತು ಮಿನುಗುತ್ತವೆ, ಎಡಗೈಯದೊಂದು, ಬಲಗೈಯದೊಂದು. ಎರಡೂ ಬಟನ್ ಒಟ್ಟಿಗೆ ಒತ್ತಿದರೆ ಹಗ್ಗ ಹಿಡಿಯುತ್ತಾನೆ. ಇಲ್ಲವಾದರೆ ಪ್ರಪಾತ. ಕೂಗು ಪ್ರತಿ ಸಲವೂ ಅದೇ.

ಇದಕ್ಕೆ ಕ್ವಿಕ್ ಟೈಮ್ ಇವೆಂಟ್ ಅನ್ನುತ್ತಾರಂತೆ. ಮಗಳು ಹೇಳಿದಳು. ಉಳಿದ ಹೊತ್ತು ನಮ್ಮಿಷ್ಟದಂತೆ ಓಡಬಹುದು, ಬಗ್ಗಬಹುದು, ಗುಂಡು ಹೊಡೆಯಬಹುದು. ನಡುವೆ ಸಿನಿಮಾ ಥರ ದೃಶ್ಯ ಬರುತ್ತದೆ, ಆಹಾ ಅಂತ ಬಾಯಿ ಬಿಟ್ಟು ನೋಡುತ್ತಿರುವಾಗಲೇ — ಒತ್ತು! ಈಗಲೇ! ಕಾಲೇಜಿನಲ್ಲಿ ಲೆಕ್ಚರರು ಹೇಳುತ್ತಿದ್ದ ಇಂಪರೇಟಿವ್ ಸೆಂಟೆನ್ಸ್. ಎಕ್ಸ್‌ಕ್ಲಮೇಟರಿಯೋ? ಎರಡನೇ ವರ್ಷಕ್ಕೇ ಬಿಟ್ಟವನು ನಾನು, ತಲೆಯಲ್ಲಿ ಉಳಿದದ್ದು ಅರ್ಧ.

ಆಡಲೇಬೇಕು. ಸ್ಟ್ರೋಕ್ ಆಗಿ ನಾಲ್ಕು ತಿಂಗಳು. ಎಡಗೈ ಹೇಳಿದ್ದು ಕೇಳುತ್ತದೆ, ಆದರೆ ಅರ್ಜಿ ಕೊಟ್ಟು ಕಾಯಬೇಕು. ಫಿಜಿಯೋ ಮೇಡಂ ಹೇಳಿದ್ದು: ಚೆಂಡು ಹಿಸುಕಿ, ಬಟ್ಟೆ ಕ್ಲಿಪ್ಪು ಹಾಕಿ ತೆಗೆಯಿರಿ, ಮನೆಯಲ್ಲಿ ಗೇಮ್ ಇದ್ದರೆ ಅದನ್ನೂ ಆಡಿ. ಮಗಳು ತನ್ನ ಹಳೆಯದನ್ನು ಅಟ್ಟದಿಂದ ಇಳಿಸಿ ಟಿವಿಗೆ ಸಿಕ್ಕಿಸಿ, ಬಟನ್ನಿರುವ ಕಂಟ್ರೋಲರ್ ಕೈಗಿಟ್ಟಳು.

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕೊಯ್ಯುವ ನನ್ನ ಕಟಿಂಗ್ ಮೆಷಿನ್ನೂ ಹೀಗೇ. ಮೊಳದಷ್ಟು ದೂರ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡ್ ಇಳಿಯುತ್ತದೆ, ಒಂದು ಹಿಂದೆ ಬಿದ್ದರೆ ಅಲ್ಲಾಡುವುದಿಲ್ಲ. ಬೆರಳು ಉಳಿಯಲಿ ಅಂತ ಮಾಡಿದ ಏರ್ಪಾಡು. ಮೂವತ್ತೊಂದು ವರ್ಷ ಒತ್ತಿದ್ದೇನೆ. ತಿಂಗಳ ಕೊನೆಯವರೆಗೆ ಜಾಗ ನಿಮ್ಮದೇ ಅಂದಿದ್ದಾರೆ ಮಾಲೀಕರು. ಅಲ್ಲಿಯವರೆಗೆ ನನ್ನ ಕುರ್ಚಿಯಲ್ಲಿ ಬೈಂಡರ್ ಗೋಂದು ಕೂತಿದ್ದಾನೆ. ಬೆರಳಿಗೆ ಸದಾ ಗೋಂದು ಮೆತ್ತಿಕೊಂಡಿರುತ್ತದೆ, ಅದಕ್ಕೇ ಆ ಹೆಸರು. ನನಗೆ ಅವನಿಟ್ಟ ಹೆಸರು ಬ್ಲೇಡಪ್ಪ. ಕಾಗದಕ್ಕಿಂತ ಹೆಚ್ಚು ಮಾತಿನಲ್ಲೇ ಕೊಯ್ಯುತ್ತೇನಂತೆ.

ಹನ್ನೆರಡನೆಯ ಸಲ. ಸತ್ತ.

ಮಾರ್ಚ್ 5, ಸಂಜೆ

ಇವತ್ತು ನಲವತ್ತೊಂದು ಸಲ. ಬರೆಯಲು ನಾಚಿಕೆ... ಅತ್ತುಬಿಟ್ಟೆ. ಐವತ್ತೊಂಬತ್ತು ವರ್ಷದವನು, ಆಟದಲ್ಲಿ ಸೋತೆ ಅಂತ. ಮಗಳು ಆಸ್ಪತ್ರೆಯಿಂದ ಯಾವಾಗ ಬಂದಳೋ, ಚಪ್ಪಲಿ ಬಿಚ್ಚುವ ಜಾಗದಲ್ಲೇ ನಿಂತಿದ್ದಳು.

"ಧೂಳು ಕಣೇ, ಕಣ್ಣಿಗೆ" ಅಂದೆ. ಅವಳ ಕೆಲಸವೇ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಬರೆಯುವುದು. ಅವಳ ಹತ್ತಿರ ಧೂಳಿನ ಕಥೆ!

"ಆ ಕಂಟ್ರೋಲರ್ ಹಳೇದಪ್ಪ. ಎಡಗಡೆ ಬಟನ್ ಸಡಿಲ ಆಗಿದೆ. ಕೊಡಿಲ್ಲಿ, ನೋಡ್ತೀನಿ" ಅಂದಳು. ನಾನು ಮುಖ ತೊಳೆದು ಬರುವಷ್ಟರಲ್ಲಿ ಕೈಗೆ ವಾಪಸ್ ಇಟ್ಟಳು.

ಮಾರ್ಚ್ 6, ಬೆಳಗ್ಗೆ 9.40

ದಾಟಿದ! ಒಂದೇ ಏಟಿಗೆ ಸೇತುವೆ ದಾಟಿದ!! ಆಮೇಲೆ ತೋಳ ಹಾರಿತು — ಅದರ ದವಡೆ ಹಿಡಿದ. ಆಮೇಲೆ ಉರುಳುವ ಲಾರಿಯಿಂದ ನೆಗೆದ. ಅಂದರೆ ಇಷ್ಟು ದಿನ ಬಟನ್ನಿನದೇ ತಪ್ಪು. ಸುಮ್ಮನೆ ನನ್ನ ಕೈಯನ್ನು ಬೈದುಕೊಂಡೆ. ಸಾರಿ, ಕೈಯೇ.

ಮಾರ್ಚ್ 11

ಆರು ದಿನ, ಒಂದೂ ಸಾವಿಲ್ಲ. ಗುರುತು ಪೂರ್ತಿ ಮೂಡುವುದರೊಳಗೆ ನನ್ನ ಕೈ ಮುಗಿಸಿರುತ್ತದೆ. ರಿಫ್ಲೆಕ್ಸ್ ಆಕ್ಷನ್. ಅಥವಾ ರಿಫ್ಲೆಕ್ಸಿವ್... ಇರಲಿ. ಫಿಜಿಯೋಗೆ ಹೋಗುವುದು ಬಿಟ್ಟೆ. ಚೆಂಡು ಮಂಚದ ಕೆಳಗೆ ಎಲ್ಲೋ ಉರುಳಿದೆ, ಇರಲಿ ಬಿಡು.

ಮಗಳು: "ಗೇಮ್ ಬೇರೆ, ಫಿಜಿಯೋ ಬೇರೆ ಅಪ್ಪ. ಹೋಗ್ಬಾ."

"ಗೆಲ್ಲೋನಿಗೆ ಯಾಕೆ ಟ್ಯೂಷನ್?" ಅಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಕುಕ್ಕರ್ ಕೂಗಿತು.

ಮಾಲೀಕರಿಗೆ ಫೋನ್ ಮಾಡಿ ಹದಿನೇಳಕ್ಕೇ ಬರುತ್ತೇನೆ ಅಂದೆ. ಟ್ರಯಲ್ ನೋಡೋಣ ಬನ್ನಿ ಅಂದರು.

ಮಾರ್ಚ್ 17, ಮಧ್ಯಾಹ್ನ 2

ಬರೆಯಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಎಲ್ಲರೂ ಬಂದು ಸುತ್ತ ನಿಂತರು. ಕಂಪೋಸಿಂಗಿನ ಹುಡುಗಿಯರು, ಮಾಲೀಕರು, ಗೋಂದು. "ಬಂದ ನೋಡ್ರಪ್ಪ ಬ್ಲೇಡಪ್ಪ, ಕಿವಿ ಮುಚ್ಕೊಳ್ಳಿ" ಅಂತ ನಗಿಸಿದ. ಕಾಗದದ ಕಟ್ಟು ತಟ್ಟಿ ಸಮ ಮಾಡಿ ಇಟ್ಟೆ. ಎರಡೂ ಬಟನ್ ಒತ್ತಿದೆ.

ಬ್ಲೇಡ್ ಇಳಿಯಲಿಲ್ಲ.

ಮತ್ತೆ. ಇಳಿಯಲಿಲ್ಲ. ಏಳು ಸಲ. ಗೋಂದು ಮೆಲ್ಲಗೆ ನನ್ನ ಎಡಗೈ ಮೇಲೆ ತನ್ನ ಕೈ ಇಡಲು ಬಂದ. ಕೊಡವಿದೆ.

"ಏನು ಮಾಡಿಟ್ಟಿದ್ದೀಯ ಈ ಬಟನ್‌ಗೆ?"

"ನಾನೇನ್ ಮಾಡ್ಲಿ ಮಾರಾಯ, ಬೆಳಗ್ಗೆ ತಾನೇ ಇದರಲ್ಲೇ ಕಟ್ ಮಾಡಿದ್ದೀನಿ."

"ಎಡಗಡೇದು ಸಡಿಲ ಮಾಡಿದ್ದೀಯ. ನನ್ನ ಕುರ್ಚಿ ಬೆಚ್ಚಗಿದೆ, ಬಿಡೋಕೆ ಮನಸ್ಸಿಲ್ಲ ನಿಂಗೆ. ಇಪ್ಪತ್ತು ವರ್ಷ ನನ್ನ ಡಬ್ಬಿಯಲ್ಲಿ ಉಂಡು..."

ಇನ್ನೂ ಅಂದೆ. ಬರೆಯುವಂಥದ್ದಲ್ಲ. ಅವನು ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಕೊನೆಗೆ ಒಂದೇ ಮಾತು: "ಮನೆಗೆ ಹೋಗು. ಬಿಸಿಲೇರ್ತಾ ಇದೆ."

ಗಿಲ್ಟಿ ಕಾನ್ಷಿಯನ್ಸ್ ಅಂದರೆ ಇದೇ!

ಮಾರ್ಚ್ 18

ಮನೆಯಲ್ಲಿ ಮತ್ತೆ ಆಡಿ ನೋಡಿದೆ. ಒಂದು ಗಂಟೆ, ಒಂದೂ ತಪ್ಪಿಲ್ಲ. ಸಾಕ್ಷಿ ಬೇರೆ ಬೇಕೆ? ಮಗಳಿಗೆ ಎಲ್ಲ ಹೇಳಿದೆ. ಅವಳು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದಳು. "ಗೋಂದು ಮಾವ ಅಂಥವರಲ್ಲ ಅಪ್ಪ" ಅಂದಳು. "ನಿನಗೇನು ಗೊತ್ತು, ಮನುಷ್ಯರ ಕಣ್ಣು ಮಾತ್ರ ನೋಡ್ತೀಯ" ಅಂದೆ. ಊಟ ಬಿಟ್ಟು ಎದ್ದಳು.

ಮಾರ್ಚ್ 20, ಬೆಳಗ್ಗೆ 11

ಕೆಮ್ಮು ಬಂತು. ಜೋರು. ಸರಿಯಾಗಿ ಹಡಗು ಹೊತ್ತಿ ಉರಿಯುವ ದೃಶ್ಯ. ಕಂಟ್ರೋಲರ್ ತೊಡೆಯ ಮೇಲೆ ಬಿಟ್ಟು ಎರಡೂ ಕೈಯಲ್ಲಿ ಬಾಯಿ ಮುಚ್ಚಿದೆ. ಗುರುತು ಮಿನುಗಿತು. ಸತ್ತ ಅಂದುಕೊಂಡೆ.

ಸಾಯಲಿಲ್ಲ. ನೆಗೆದ. ಹಗ್ಗ ಹಿಡಿದ. ಇನ್ನೊಂದು ಗುರುತು. ನನ್ನ ಕೈ ಬಾಯಿಯ ಮೇಲೇ ಇದೆ. ಅವನು ಈಜಿದ. ದಡ ಸೇರಿದ. ಯಾರೋ ಚಪ್ಪಾಳೆ ತಟ್ಟಿದರು, ಆಟದೊಳಗೆ.

ಕಂಟ್ರೋಲರನ್ನು ಟೀಪಾಯಿ ಮೇಲಿಟ್ಟು ಕೈಕಟ್ಟಿ ನೋಡಿದೆ. ನನ್ನನ್ನು ಬಿಟ್ಟೇ ಮೂರು ಸಲ ಬದುಕಿಕೊಂಡ, ಬಡ್ಡಿಮಗ.

ಸೆಟ್ಟಿಂಗ್ಸ್ ತೆರೆದೆ. ಸಾಲು ಸಾಲು ಇಂಗ್ಲಿಷ್. ಬೆರಳಿಟ್ಟು ಓದಿದೆ, ಹೈಸ್ಕೂಲ್ ಹುಡುಗನ ಹಾಗೆ. ಕ್ವಿಕ್ ಟೈಮ್ ಇವೆಂಟ್ಸ್: ಆಟೋ ಕಂಪ್ಲೀಟ್. ಮುಂದೆ ಒಂದು ಟಿಕ್ಕು. ಆಟೋ ಅಂದರೆ ತಾನೇ. ಕಂಪ್ಲೀಟ್ ಅಂದರೆ... ಇದಕ್ಕೆ ಕಾಲೇಜು ಮೆಟ್ಟಿಲು ಹತ್ತಿರಬೇಕಾಗಿಲ್ಲ.

ಮಾರ್ಚ್ 20, ಸಂಜೆ 7

"ಯಾರು ಹಾಕಿದ್ದು?"

"ನಾನೇ ಅಪ್ಪ." ತಡವರಿಸಲೂ ಇಲ್ಲ. ಕಾಯುತ್ತಿದ್ದವಳ ಹಾಗೆ.

"ಬಟನ್ ಸಡಿಲ ಅಂದೆ."

"ಅಂದೆ."

"ಆಸ್ಪತ್ರೆಗೆ ಬಂದವರು ಒಂದಕ್ಷರ ಕಾಣದೆ ತಡಕಾಡಿದ್ರೆ, ಪಾಪ ಅಂತ ಎಲ್ಲಾ ಸರಿಯಾಗಿ ಓದಿದ್ರಿ ಅಂತ ಕಳಿಸ್ತೀಯಾ? ರಸ್ತೆ ದಾಟಲಿ ಅಂತ?"

"ನೀನು ಅಳ್ತಾ ಇದ್ದೆ. ಎರಡು ದಿನ ಖುಷಿಯಾಗಿರ್ಲಿ, ಆಮೇಲೆ ತೆಗೀತೀನಿ ಅಂದ್ಕೊಂಡೆ. ಅಷ್ಟರಲ್ಲಿ ನೀನು ಹಾಡು ಹೇಳ್ಕೊಂಡು ಓಡಾಡೋಕೆ ಶುರು ಮಾಡ್ದೆ. ಹೆಂಗೆ ತೆಗೀಲಿ?"

"ಹದಿನೇಳಕ್ಕೆ ಹೋಗ್ತೀನಿ ಅಂದಾಗ? ಅವತ್ತಾದ್ರೂ? ಇಡೀ ಪ್ರೆಸ್ಸಿನ ಎದುರು..."

"ತಪ್ಪಾಯ್ತು." ಆಮೇಲೆ: "ಅಮ್ಮನ ರಿಪೋರ್ಟ್ ಬಂದಾಗ ನೀನು ನಂಗೆ ಏನ್ ಹೇಳ್ಕೊಟ್ಟೆ? ಫಸ್ಟ್ ಕ್ಲಾಸ್ ಅಂತ ಹೇಳು, ನಗ್ತಾ ಇರ್ಲಿ ಅವಳು, ನಮ್ಮ ಗಂಟೇನು ಹೋಗುತ್ತೆ ಅಂದೆ. ಮೂರು ತಿಂಗಳು ಹೇಳಿದ್ದೀನಿ ಅಪ್ಪ."

"ಅದು ಬೇರೆ."

"ಏನು ಬೇರೆ?"

ಬಾಗಿಲು ಹಾಕಿಕೊಂಡೆ. ನನ್ನ ಮಗಳು. ಶರಟಿನ ಗುಂಡಿ ಹಾಕುವವಳು, ಉಗುರು ಕತ್ತರಿಸುವವಳು. ಹೊರಗಿನವರು ಮೋಸ ಮಾಡಿದರೆ ನಾಲ್ಕು ಜನಕ್ಕೆ ಹೇಳಿಕೊಳ್ಳಬಹುದು. ಇದನ್ನು ಯಾರಿಗೆ ಹೇಳಲಿ?

ಮಾರ್ಚ್ 27, ಬೆಳಗ್ಗೆ

ಒಂದು ವಾರ ಬರೆಯಲಿಲ್ಲ. ಮಾತೂ ಇಲ್ಲ. ಟಿಕ್ಕು ತೆಗೆದೆ. ಏಳು ದಿನದಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಸತ್ತಿದ್ದಾನೆ. ಒಂದು ಸಲ ಬದುಕಿದ. ಅದೂ ಕಾಕತಾಳೀಯವೇನೋ.

ಈಗ ಯಾರನ್ನೂ ನಂಬಲಾಗುವುದಿಲ್ಲ. ಫಿಜಿಯೋಗೆ ಮತ್ತೆ ಹೋಗತೊಡಗಿದ್ದೇನೆ, ಮೇಡಂ ನಿನ್ನೆ ಎಕ್ಸಲೆಂಟ್ ಅಂದರು. "ಆಟೋನಾ ಮೇಡಂ?" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಪಕ್ಕದ ಮನೆಯವರು ಚೆನ್ನಾಗಿ ಕಾಣ್ತೀರಿ ಅಂದರೆ ಮುಖ ತಿರುಗಿಸುತ್ತೇನೆ.

ಅದು ಬೇರೆ ಅಂದೆನಲ್ಲ, ಏನು ಬೇರೆ ಅಂತ ಬರೆಯೋಣ ಅಂತ ಕೂತೆ. ನಮ್ಮವಳು ಆಗ ತನ್ನ ಅಕ್ಕನನ್ನು ನೋಡಬೇಕು ಅನ್ನುತ್ತಿದ್ದಳು. ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕ. ಒಂದು ರಾತ್ರಿಯ ರೈಲು, ಅಷ್ಟೆ. "ಪೂರ್ತಿ ಹುಷಾರಾಗ್ತೀಯಲ್ಲ, ಆಮೇಲೆ ಹೋಗೋಣ, ಏನವಸರ?" ಅಂದೆ. ಅವಸರವಿಲ್ಲ ಅಂತ ನಂಬಿದಳು. ಅಕ್ಕ ಬಂದದ್ದು ಮಣ್ಣಿಗೆ.

ಬೇರೆ ಏನು ಅಂತ ಬರೆಯಲಾಗಲಿಲ್ಲ. ಹಾಳೆ ಹರಿದೆ.

ಆದರೂ ಮಗಳ ಮೇಲಿನ ಕೋಪ ಇಳಿದಿಲ್ಲ. ನಾನು ಮಾಡಿದ್ದರಿಂದ ಅವಳು ಮಾಡಿದ್ದು ಕಡಿಮೆಯಾಗುವುದಿಲ್ಲ. ಎರಡೂ ಇವೆ, ಅಕ್ಕಪಕ್ಕ.

ಮಾರ್ಚ್ 29, ಬೆಳಗ್ಗೆ 8

ನಿನ್ನೆ ಸಂಜೆ ಮಗಳು ಬಂದು ಪಕ್ಕದಲ್ಲಿ ಕೂತಳು. ಕೇಳದೇ. ನಾನು ಆಡಿದೆ.

"ಲೇಟು" ಅಂದಳು. ಸತ್ತ.

"ಎಷ್ಟು ಲೇಟು?"

"ಜಾಸ್ತಿನೇ ಅಪ್ಪ. ಮುಕ್ಕಾಲು ಸೆಕೆಂಡ್ ಇರಬಹುದು."

ಹತ್ತು ಸಲ ಸತ್ತ, ಹತ್ತು ಸಲವೂ ಹೇಳಿದಳು. ಒಂದರಲ್ಲೂ ಹತ್ತಿರ ಬಂದಿತ್ತು ಅನ್ನಲಿಲ್ಲ. ಮುಖ ಕೆಂಪಾಗಿತ್ತು ಅವಳದು. "ನೀನೇ ಹೋಗಿ ಗೋಂದು ಮಾವನಿಗೆ ಹೇಳ್ಬಿಡು, ಮಗಳದೇ ತಪ್ಪು ಅಂತ ಹೇಳು, ಇಲ್ಲಾ ನಾನು ಹೇಳ್ತೀನಿ" ಅಂದಳು. ಬೇಡ ಅಂದೆ. ಬಟನ್ ಸಡಿಲ ಅಂದವಳು ಅವಳು. ಎಲ್ಲರೆದುರು ಅವನನ್ನು ಕಳ್ಳ ಅಂದದ್ದು ನನ್ನ ಬಾಯಿ.

ನಾಡಿದ್ದು ತಿಂಗಳ ಕೊನೆ. ಮುಕ್ಕಾಲು ಸೆಕೆಂಡ್ ಎರಡು ದಿನದಲ್ಲಿ ಹೋಗುವುದಿಲ್ಲ. ಆ ಕುರ್ಚಿ ಇನ್ನು ಅವನದು. ಕೊಡುವುದಾದರೆ ನಾನೇ ಕೊಡಬೇಕು, ಇವತ್ತೇ, ಒಂಬತ್ತಕ್ಕೆ ಪ್ರೆಸ್ ತೆಗೆಯುವ ಹೊತ್ತಿಗೆ, ಅವರೆಲ್ಲ ಇರುವಾಗಲೇ. ಮಾತು ಬೆಳೆಸಿದರೆ ಜಾರಿಕೊಳ್ಳುತ್ತೇನೆ, ನನ್ನ ಗುಣ ನನಗೆ ಗೊತ್ತು. ಅದಕ್ಕೆ ಎರಡೇ ಎರಡು ವಾಕ್ಯ ಇಲ್ಲಿ ಬರೆದುಕೊಂಡು, ಬಾಯಿಪಾಠ ಮಾಡಿ ಹೊರಡುತ್ತೇನೆ. ಎಡಗೈಯಲ್ಲೇ ಹಾಳೆ ಒತ್ತಿ ಹಿಡಿದಿದ್ದೇನೆ, ಜಾರುತ್ತಿದೆ.

ಗೋಂದು, ನಿನ್ನ ಬಟನ್ ಸರಿಯಾಗಿಯೇ ಇತ್ತು. ನನ್ನ ಎಡಗೈಯೇ ಲೇಟು, ಕುರ್ಚಿ ಇನ್ನು ನಿನ್ನದು.