ತುಂಗಾನ ಏಕಾದಶಿ

ತುಂಗಾ,

ಈಗರೇ ನಿದ್ದಿ ಹತ್ತೇದ, ಅದಕ್ಕ ಎಬ್ಬಸಲಿಲ್ಲ. ಕಮಲಾಪುರದ ಬ್ಯಾಂಕಿಗೆ ಹೊಂಟೀನಿ, ಸಂಜಿ ಬಸ್ಸಿಗೆ ಬರ್ತೀನಿ.

ಇವತ್ತು ಏಕಾದಶಿ ಅಂತ ನನಗೂ ಗೊತ್ತದ. ಹನಿ ನೀರು ಮುಟ್ಟಂಗಿಲ್ಲಂತ ನಿನ್ನೇನೇ ಮಾರಿ ಗಂಟು ಹಾಕ್ಕೊಂಡು ಕೂತಿದ್ದಿ. ಹೊಟ್ಟಿ ಸಣ್ಣ ಮಾಡೋ ಆಪರೇಷನ್ ಆಗಿ ಇನ್ನ ಹದಿನೈದು ದಿನ ಆಗಿಲ್ಲ. ನೀರು ಬಿಟ್ಟರ ಮತ್ತ ದವಾಖಾನಿಗೇ ಬರಬೇಕಾಗ್ತದಂತ ಡಾಕ್ಟರು ನಿನ್ನ ಎದುರಿಗೇ ಹೇಳ್ಯಾರ.

ತಂಬಿಗಿ ತಲಿದಿಂಬಿನ ಹತ್ತಿರ ಅದ. ಬಾಜೂಕ ತೀರ್ಥ ಕೊಡೋ ಉದ್ಧರಣಿ ಇಟ್ಟೀನಿ. ಬೈಬ್ಯಾಡ, ಒಂದು ಸಲಕ್ಕ ಅಷ್ಟೇ ಕುಡೀಬೇಕು, ಅದಕ್ಕಿಂತ ಛಲೋ ಅಳತಿ ಸಿಗಲಿಲ್ಲ. ಎಂಜಲಾದ ಉದ್ಧರಣಿ ಸಂಜಿಗಿ ಹುಣಸಿಹಣ್ಣು ಹಚ್ಚಿ ನಾನೇ ತಿಕ್ಕತೀನಿ. ಬ್ಯಾಳಿಕಟ್ಟು ಇವತ್ತು ನೀ ಮುಟ್ಟಂಗಿಲ್ಲಂತ ಮಾಡೇ ಇಲ್ಲ. ನೀರುಮಜ್ಜಿಗಿ ಸೋಸಿ ಇಟ್ಟೀನಿ. ಗಟಗಟ ಕುಡದ್ರ ನೋಡು!

ಮ್ಯಾಲಿನ ಮನಿ ಮಥುರಾಬಾಯಿ ಬಂದು "ಏಕಾದಶಿ ಬಿಟ್ರೇನ್ರೀ?" ಅಂದ್ರ, "ನಮ್ಮವರನ್ನ ಕೇಳ್ರಿ" ಅನ್ನು.

ಇಷ್ಟು ವರ್ಷ ಏಕಾದಶಿಗೆ ನೀ ಒಣಬಾಯಿಲೇ ನಿಂತು ನನಗ ಉಪ್ಪಿಟ್ಟು ಮಾಡಿ ಹಾಕೀದಿ. ಇಂಥಾ ಗಟ್ಟಿ ಹೆಂಗಸು ಇನ್ನೊಬ್ಬಾಕಿ ಇಲ್ಲಂತ ಆಗೇ ಅನ್ಕೊಂಡಿದ್ದೆ. ಈಗ ಒಂದೊಂದು ಗುಟುಕಿಗೂ ಕಣ್ಣು ಮುಚ್ಚಿ, ಪಿಟ್ ಅನ್ನದ ಇಳಸ್ತಿ. ಅದನ್ನ ನೋಡಿದ ಮ್ಯಾಲ, ಉಪವಾಸಕ್ಕಿಂತ ಇದೇ ದೊಡ್ಡ ವ್ರತ ಅನಸೇದ.

ನೇಮ ತಪ್ಪತದಂತ ಅಳಬ್ಯಾಡ. ಇವತ್ತಿನ ಉಪವಾಸ ನಂದು. ಚಹಾ ಸುದ್ದಾ ಕುಡದಿಲ್ಲ. ಕಮಲಾಪುರದ ಕೆಂಪು ಬಾಳಿಹಣ್ಣು ಯಾರು ಕೊಟ್ಟರೂ ಮುಟ್ಟಂಗಿಲ್ಲ. ನಂಬಿಕಿ ಬರಲಿಲ್ಲಂದ್ರ ಅಡಗಿಮನ್ಯಾಗ ನೋಡು, ನನ್ನ ಊಟದ ಡಬ್ಬಿ ಗೂಟಕ್ಕೇ ಅದ.

ನೋಡಿದ್ಯಲಾ? ಈಗ ನೀರು ಕುಡಿ.

ವಾಸುದೇವ