ಮರಿ ಸಿಕ್ಕಿತು ಅಂದರೆ

ವಿದ್ಯಾರಣ್ಯಪುರ
17 ಆಗಸ್ಟ್ 2025, ಭಾನುವಾರ

ನನ್ನ ಮುದ್ದು ಕೀರ್ತಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದು ನಂಬಿಕೊಂಡಿದ್ದೇನೆ. ಬೋರ್ನಿಯೋ ಟಿಕೆಟ್‌ಗೆ ನಮ್ಮ ಪಾಸ್‌ಪೋರ್ಟಿನ ಪ್ರತಿ ಕಳಿಸು ಎಂದು ನೀನು ಹೇಳಿ ಮೂರು ವಾರವಾಯಿತು, ತಡವಾಗಿದ್ದಕ್ಕೆ ಕ್ಷಮಿಸು. ಜೆರಾಕ್ಸ್ ಅಂಗಡಿ ಮುಚ್ಚಿದೆ ಅಂದೆನಲ್ಲ, ಅದು ಸುಳ್ಳು. ಅಂಗಡಿ ದಿನಾ ತೆಗೆದಿರುತ್ತದೆ. ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮೊದಲೇ ‘ಆಯ್ತವ್ವಾ, ಆಯ್ತು’ ಎಂದುಬಿಡುತ್ತೀ. ಅದಕ್ಕೇ ಕಾಗದ ಬರೆಯಲು ಕುಳಿತೆ.

ಮೊದಲು ನಿಮ್ಮಪ್ಪನ ಸುದ್ದಿ. ಕಾಡಿನಲ್ಲಿ ನಡೆಯಲು ಬೇಕೆಂದು ನೀನು ಕಳಿಸಿದ ಬೂಟು ಹಾಕಿಕೊಂಡು ಬೆಳಗಾದರೆ ದೊಡ್ಡಬೊಮ್ಮಸಂದ್ರದ ಕೆರೆ ಸುತ್ತುತ್ತಾರೆ. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಆದರೂ ಬಿಡುವುದಿಲ್ಲ. ಎದುರುಮನೆಯ ಅಶ್ವತ್ಥ್ ಅವರನ್ನು ನಿಲ್ಲಿಸಿಕೊಂಡು, ‘ಬೋರ್ನಿಯೋಕ್ಕ ಹೊಂಟೇವ್ರಿ. ಅಲ್ಲೆ ತಾಯಿಲ್ಲದ ಮಂಗ್ಯಾನ ಮರಿಗೋಳಿಗೆ ಹೆಣ್ಮಕ್ಕಳು ಮರಾ ಹತ್ತೂದು ಕಲಸ್ತಾರಂತ!’ ಎಂದು ಹೇಳಿದ್ದೇ ಹೇಳಿದ್ದು. ಮಂಗ ಅಲ್ಲ, ಒರಾಂಗುಟಾನ್ ಎಂದು ನೀನು ಎಷ್ಟು ತಿದ್ದಿದರೂ ಅಷ್ಟೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಗೆ ವಿಮಾನದವರು ತಕರಾರು ಮಾಡುತ್ತಾರೋ ಏನೋ, ಕೇಳಿ ತಿಳಿಸಬೇಕಂತೆ. ಮೂವತ್ತು ವರ್ಷ ಫ್ಯಾಕ್ಟರಿ ಬಿಟ್ಟರೆ ಮನೆ ಎಂದಿದ್ದ ಮನುಷ್ಯ. ಅವರ ಉಮೇದು ನೋಡಿದರೆ ನನಗೆ ಸಂಕಟವಾಗುತ್ತದೆ.

ಆ ಮರಿಗಳದೆಂದು ನೀನು ಕಳಿಸಿದ ವಿಡಿಯೋ ನಾನೂ ನೋಡಿದೆ. ಒಬ್ಬಾಕೆ ಮರಿಯನ್ನು ಬೆನ್ನಿಗೆ ಹಾಕಿಕೊಂಡು ಹೋಗುತ್ತಾಳಲ್ಲ, ಅದನ್ನೇ ಎಷ್ಟು ಸಲ ನೋಡಿದೆನೋ. ಅವತ್ತು ಸಂಜೆ ಫೋನಿನಲ್ಲಿ ನೀನು ಹೇಳಿದೆ: ‘ಅವ್ವಾ, ಮರಿ ಸಿಕ್ತು ಅಂದ್ರೆ ತಾಯಿ ಸತ್ತಿದೆ ಅಂತಾನೇ ಲೆಕ್ಕ. ಬದುಕಿರೋವರೆಗೂ ಅದು ಮರಿನ ಬಿಡಲ್ಲ.’ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿ, ಈಗ ಮೈಸೂರಿನ ಕಡೆ ಗಾಯಗೊಂಡ ಪ್ರಾಣಿಗಳ ಆರೈಕೆ ಮಾಡುವವಳು ನೀನು, ನಿನ್ನ ಮಾತು ಸರಿಯೇ ಇರಬೇಕು. ಆಮೇಲೆ ನೀನೇ ಅಂದೆ: ‘ನನ್ನ ಹೆತ್ತೋಳೂ ಸತ್ತೇ ಹೋಗಿರ್ಬೇಕು. ಇಲ್ಲಾಂದ್ರೆ ಒಂದ್ಸಲನಾದ್ರೂ ನೋಡೋಕೆ ಬರ್ತಿದ್ಲು. ಹಾಗಂದ್ಕೊಂಡ್ಮೇಲೆ ಅವಳ ಮೇಲೆ ಸಿಟ್ಟೇ ಬರಲ್ಲ ಗೊತ್ತಾ?’

ನಾನು ‘ಹೂಂ’ ಅಂದೆ. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನ್ ಇಟ್ಟೆ.

ನೀನು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ ಎಂದು ನಿನಗೆ ಹತ್ತು ವರ್ಷವಾದಾಗಲೇ ಹೇಳಿದ್ದೆವು. ‘ನನ್ನನ್ನು ನೋಡಲು ಯಾರಾದರೂ ಬಂದಿದ್ದರಾ?’ ಎಂದು ನೀನು ಅವತ್ತೂ ಕೇಳಿದೆ, ಆಮೇಲೂ ಕೇಳಿದೆ. ನಾನು ಪ್ರತಿ ಸಲವೂ ಇಲ್ಲ ಅಂದೆ.

ಬಂದಿದ್ದಳು ಕೀರ್ತಿ.

ನಿನಗಾಗ ಮೂರು ತುಂಬಿತ್ತು. ಅವಳ ಹೆಸರು ಚನ್ನಕ್ಕ, ಬಾಗಲೂರಿನ ಕಡೆಯವಳು. ನಿನ್ನನ್ನು ನನ್ನ ಮಡಿಲಿಗೆ ಹಾಕಿದ್ದ ಆಸ್ಪತ್ರೆಯ ಆಯಾನೇ ಅವಳಿಗೆ ನಮ್ಮ ಮನೆ ಗುರುತು ಹೇಳಿದ್ದಳಂತೆ. ಇಪ್ಪತ್ತರ ಆಸುಪಾಸಿನ ಹುಡುಗಿ, ಮೂಗು, ಹಣೆ ಎಲ್ಲ ನಿನ್ನದೇ. ‘ಕೇಳಾಕ್ ಬಂದಿಲ್ಲ ಕಣಕ್ಕಾ, ಎತ್ಕಳಾದೂ ಇಲ್ಲ. ಇಂಗೇ ನಿಂತ್ಕಂಡು ಒಂದ್ಸಾರಿ ನೋಡ್ಕಂಡು ಓಗ್ಬುಡ್ತೀನಿ’ ಅಂದಳು. ನಾನು ಗೇಟಿನ ಚಿಲಕ ತೆಗೆಯಲಿಲ್ಲ. ‘ಅಂಥಾ ಕೂಸು ಇಲ್ಲಿ ಯಾವುದೂ ಇಲ್ಲವ್ವಾ, ನಡಿ’ ಅಂದೆ.

ನಿಮ್ಮಪ್ಪ ಅವತ್ತು ಮೊದಲನೇ ಶಿಫ್ಟಿಗೆ ಹೋಗಿದ್ದರು. ಅವರಿಗೂ ಇದುವರೆಗೆ ಹೇಳಿಲ್ಲ. ಮದುವೆಯಾಗಿ ಎಂಟು ವರ್ಷ ಕಾದ ಮೇಲೆ ಸಿಕ್ಕವಳು ನೀನು. ಹೆದರಿಕೆಯಿತ್ತು, ಅದಕ್ಕಿಂತ ಹೆಚ್ಚು ಸ್ವಾರ್ಥವಿತ್ತು. ಈಗ ಅವಳು ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಬಾಗಲೂರು ಇಲ್ಲಿಂದ ಎಷ್ಟು ಮಹಾ ದೂರ? ಹೋಗಿ ವಿಚಾರಿಸುವ ಮನಸ್ಸು ಮಾಡಲಿಲ್ಲ. ಅವಳು ಸತ್ತಳೆಂದು ನೀನು ಸಮಾಧಾನ ತಂದುಕೊಂಡು, ನನ್ನ ಕೈ ಹಿಡಿದು ಆ ಕಾಡಿನಲ್ಲಿ ನಡೆಸಿದರೆ ನನ್ನಿಂದ ತಡೆಯಲಾಗದು.

ಎರಡೂ ಜೆರಾಕ್ಸ್ ಇದರೊಳಗಿಟ್ಟಿದ್ದೇನೆ. ಇದನ್ನೆಲ್ಲ ಓದಿದ ಮೇಲೂ ನಾನು ಬರಬೇಕೆನಿಸಿದರೆ ಟಿಕೆಟ್ ಮಾಡಿಸು. ಬೇಡವೆನಿಸಿದರೆ ಅಪ್ಪನನ್ನಾದರೂ ಕರೆದುಕೊಂಡು ಹೋಗು. ಅವರ ತಪ್ಪೇನೂ ಇಲ್ಲ.

ನೀನು ಎಲ್ಲಿದ್ದರೂ, ಯಾರನ್ನು ಅವ್ವ ಎಂದರೂ, ನೂರು ವರ್ಷ ಸುಖವಾಗಿ ಬಾಳು.

ನಿನ್ನ ಅವ್ವ,
ಪಾರವ್ವ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಅವಳನ್ನು ಸಾಗಹಾಕುತ್ತಿದ್ದಾಗ ನೀನು ಒಳಗಿನಿಂದ ‘ಯಾರವ್ವಾ?’ ಎಂದು ಕೂಗಿದೆ. ‘ಸೊಪ್ಪಿನಾಕಿ’ ಅಂದೆ ನಾನು. ನೀನು ಬಾಯಲ್ಲಿ ಅನ್ನ ಇಟ್ಟುಕೊಂಡೇ ಓಡಿಬಂದು, ನನ್ನ ಸೆರಗು ಹಿಡಿದು, ಅವಳ ಮುಖ ನೋಡಿ, ಸೊಪ್ಪು ಮಾರುವವಳಿಗೆ ದಿನಾ ನಾನು ಹೇಳುವ ಹಾಗೆಯೇ ‘ಇವತ್ತು ಬ್ಯಾಡ, ನಾಳೆ ಬಾ’ ಅಂದೆ. ಅವಳು ‘ಆಯ್ತು ಕಣವ್ವಾ, ನಾಳೆ ಬತ್ತೀನಿ’ ಅಂದಳು. ಮರುದಿನ ಬೆಳಿಗ್ಗೆಯೇ ಮನೆಗೆ ಬೀಗ ಹಾಕಿ, ನಿನ್ನನ್ನು ಎತ್ತಿಕೊಂಡು ಆರ್.ಟಿ. ನಗರಕ್ಕೆ, ಗೆಳತಿ ಲುಬ್ನಾಳ ಮನೆಗೆ ಹೋದೆ. ಸಂಜೆ ಬಂದು ನೋಡಿದರೆ ಗೇಟಿನ ಸಂದಿಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು ಸಿಕ್ಕಿಸಿತ್ತು, ಬಿಸಿಲಿಗೆ ಬಾಡಿತ್ತು. ಬಿಸಾಡಲು ಧೈರ್ಯ ಬರಲಿಲ್ಲ. ಬೇಯಿಸಿ ನಿನಗೆ ಉಣಿಸಿದೆ.